ಕೆಮ್ಮು, ಜ್ವರ, ಏದುಸಿರು: ಕೊರೊನಾವೋ, ಇ-ಸಿಗರೇಟಿನ ಹಾನಿಯೋ?

‘2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟ್ ಸೇದಿದವರಿಗೆ ಬಂದಿದ್ದೇ ಕೊರೊನಾ, ಆಮೇಲೆ ಹೆಸರು ಬದಲಾಯಿಸಿದರು’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಆದರೆ ಈ ಗೊಂದಲ ಹುಟ್ಟಲು ಕಾರಣವಿದೆ.

ಅಮೆರಿಕದಲ್ಲಿ ಕಾಣಿಸಿಕೊಂಡ ಆ ಕಾಯಿಲೆಯ ಹೆಸರು ‘ಇವಾಲಿ’. 2020ರ ಫೆಬ್ರವರಿ 18ರ ಹೊತ್ತಿಗೆ 2,807 ಪ್ರಕರಣಗಳು ದಾಖಲಾಗಿ, 68 ಜನ ಸತ್ತಿದ್ದರು. ಗಾಂಜಾದ ಟಿಎಚ್‌ಸಿ ಅಂಶವಿರುವ ದ್ರವಕ್ಕೆ ಬೆರೆಸುತ್ತಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಕಂಡುಬಂತು. 51 ರೋಗಿಗಳ ಶ್ವಾಸಕೋಶದ ದ್ರವ ಪರೀಕ್ಷಿಸಿದಾಗ 48 ಜನರಲ್ಲಿ ಅದು ಸಿಕ್ಕಿತು. ಹೋಲಿಕೆಗಾಗಿ ಪರೀಕ್ಷಿಸಿದ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಸಿಗಲಿಲ್ಲ. ಕೊರೊನಾಕ್ಕೆ ಕಾರಣ ವೈರಸ್, ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಇವಾಲಿ ಹರಡುವುದಿಲ್ಲ.

ಹಾಗಾದರೆ ಗೊಂದಲ ಎಲ್ಲಿ?

ಲಕ್ಷಣಗಳಲ್ಲಿ. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ವಾಂತಿ, ಭೇದಿ ಎರಡರಲ್ಲೂ ಬರಬಹುದು. ಎರಡರಲ್ಲೂ ರಕ್ತದ ಆಮ್ಲಜನಕ ಇಳಿಯಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಮಸುಕು ಗಾಜಿನಂಥ ಕಲೆಗಳು ಕಾಣಬಹುದು. ಸ್ಕ್ಯಾನ್ ಒಂದನ್ನೇ ನೋಡಿ ಇಂಥದ್ದೇ ಎಂದು ಹೇಳಲಾಗದು.

ವೈದ್ಯರು ಹೇಗೆ ಗುರುತಿಸುತ್ತಾರೆ?

ಇವಾಲಿಯನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಮೊದಲು ಆರ್‌ಟಿ-ಪಿಸಿಆರ್ ಮತ್ತಿತರ ಪರೀಕ್ಷೆಗಳಿಂದ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇವಾಲಿಯಲ್ಲಿ ಬಿಳಿ ರಕ್ತಕಣಗಳು ಹೆಚ್ಚುವುದು, ಕೊರೊನಾದಲ್ಲಿ ಲಿಂಫೋಸೈಟ್ ಎಂಬ ಕಣಗಳು ಕಡಿಮೆಯಾಗುವುದು ಸಾಮಾನ್ಯ. ಇದು ಸುಳಿವು ಮಾತ್ರ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪ್ರಶ್ನೆ: ‘ಕಳೆದ 90 ದಿನಗಳಲ್ಲಿ ಇ-ಸಿಗರೇಟ್ ಸೇದಿದ್ದೀರಾ?’

ಇದಕ್ಕೆ ಸುಳ್ಳು ಹೇಳಿದರೆ ವೈದ್ಯರಿಗೆ ದಾರಿಯೇ ಮುಚ್ಚಿದಂತೆ. ಭಾರತದಲ್ಲಿ 2019ರಿಂದ ಇ-ಸಿಗರೇಟ್ ತಯಾರಿಕೆ, ಆಮದು, ಮಾರಾಟ ಎಲ್ಲಕ್ಕೂ ನಿಷೇಧವಿದೆ. ಹಾಗಾಗಿ ಸೇದುವ ಹುಡುಗರು ಅಪ್ಪ-ಅಮ್ಮನ ಮುಂದೆ ಬಾಯಿ ಬಿಡುವುದು ಕಷ್ಟ. ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಂತು, ಮಗ ಅಥವಾ ಮಗಳು ವೈದ್ಯರೊಂದಿಗೆ ಒಬ್ಬರೇ ಮಾತನಾಡಲು ಬಿಡಿ.

ನೆನಪಿಡಿ: ಕೊರೊನಾ ವರದಿ ನೆಗೆಟಿವ್ ಬಂದರೂ ಏದುಸಿರು ಇದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪಾಸಿಟಿವ್ ಬಂದರೂ ಸೇದುವ ವಿಷಯ ಮುಚ್ಚಿಡಬೇಡಿ, ಎರಡೂ ಒಟ್ಟಿಗೆ ಇರಬಹುದು. ಇವಾಲಿಗೆ ಸ್ಟಿರಾಯ್ಡ್ ಕೊಡುವುದುಂಟು, ಆದರೆ ಸೋಂಕಿದ್ದಾಗ ಅದೇ ಅಪಾಯ ತರಬಹುದು. ಫಾರ್ವರ್ಡ್ ನೋಡಿ ಮಾತ್ರೆ ನುಂಗಬೇಡಿ.