ಆ್ಯಪ್ ಹಾಕಿಸೋಕೆ ಯಾಕಿಷ್ಟು ಬಲವಂತ?

ಮೊಬೈಲಿನಲ್ಲಿ ಯಾವ ಕಂಪನಿಯ ವೆಬ್‌ಸೈಟ್ ತೆರೆದರೂ ಅರ್ಧ ಸ್ಕ್ರೀನ್ ಮುಚ್ಚಿಕೊಂಡು ಒಂದು ಬೋರ್ಡು ಬಂದು ನಿಲ್ಲುತ್ತದೆ: ಆ್ಯಪ್‌ನಲ್ಲಿ ನೋಡಿ, ಇನ್ನೂ ಚೆನ್ನಾಗಿರುತ್ತೆ. ಬೇಡ ಅನ್ನುವ ಬಟನ್ ಮೂಲೆಯಲ್ಲಿ ಸಾಸಿವೆಕಾಳಿನಷ್ಟು. ಚೆನ್ನಾಗಿರುವುದು ಯಾರಿಗೆ ಅನ್ನೋದು ನಮ್ಮ ಪ್ರಶ್ನೆ.

ವೆಬ್‌ಸೈಟ್ ಅಂದರೆ ಅಂಗಡಿಗೆ ಹೋಗಿ ಬಂದ ಹಾಗೆ. ಆ್ಯಪ್ ಅಂದರೆ ಅಂಗಡಿಯವನನ್ನೇ ಕರೆತಂದು ಪಡಸಾಲೆಯಲ್ಲಿ ಕೂರಿಸಿಕೊಂಡ ಹಾಗೆ. ಫೋನಿನಲ್ಲಿ ಜಾಗ ತಿನ್ನುತ್ತಾನೆ, ಹೊತ್ತಲ್ಲದ ಹೊತ್ತಲ್ಲಿ ನೋಟಿಫಿಕೇಶನ್ ಬಾರಿಸುತ್ತಾನೆ. ಬ್ರೌಸರ್‌ನಲ್ಲಿ ತೆರೆದ ಪುಟಕ್ಕೆ ನಿಮ್ಮ ಕಾಲ್ ಲಿಸ್ಟ್ ನೋಡುವ ದಾರಿಯಿಲ್ಲ. ಆ್ಯಪ್ ಕೇಳುತ್ತದೆ, ನಾವು ಓದದೇ 'ಅಲೋ' ಒತ್ತಿಬಿಡುತ್ತೇವೆ.

ಇದು ಬರೀ ಕಿರಿಕಿರಿಯ ಮಾತಲ್ಲ. ಸಾಲ ಕೊಡುವ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎತ್ತಿಕೊಂಡು, ಕಂತು ತಪ್ಪಿದಾಗ ಬೀಗರಿಗೆ, ನೆಂಟರಿಗೆ ಫೋನ್ ಮಾಡಿ ಮಾನ ಕಳೆದ ಕತೆ ಎಲ್ಲರಿಗೂ ಗೊತ್ತು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಿಸ್ಟ್, ಫೋಟೊ-ಫೈಲುಗಳಿಗೆ ಕೈ ಹಾಕಕೂಡದು ಎಂದು ಹೇಳಬೇಕಾಯಿತು.

ಜನ ಸುಮ್ಮನೆ ಒಪ್ಪಿಕೊಳ್ಳಲೇಬೇಕು ಅಂತೇನೂ ಇಲ್ಲ. ನಮ್ಮ ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ, ಬಟ್ಟೆ ಬೇಕಾದರೆ ಆ್ಯಪ್‌ಗೇ ಬನ್ನಿ ಅಂದಿತ್ತು. 2016ರ ಜೂನ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಒಡೆಯ ಫ್ಲಿಪ್‌ಕಾರ್ಟ್ ಕೂಡ 2015ರಲ್ಲಿ ಮೊಬೈಲ್ ವೆಬ್‌ಸೈಟ್ ನಿಲ್ಲಿಸಿ, ಅದೇ ವರ್ಷ ನವೆಂಬರ್‌ನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ಹಗುರ ಸೈಟ್ ತಂದಿತು. ಬ್ರೌಸರ್‌ನಲ್ಲೇ ಆ್ಯಪ್‌ನ ಹಾಗೆ ಕೆಲಸ ಮಾಡಿಸಬಹುದು ಅಂತ ಅವರೇ ತೋರಿಸಿಕೊಟ್ಟರು.

ಆ್ಯಪೇ ಬೇಡ ಅನ್ನುತ್ತಿಲ್ಲ. ಸ್ಮಾರ್ಟ್‌ಫೋನಿನಲ್ಲಿ ಯುಪಿಐಗೆ ಆ್ಯಪ್ ಬೇಕು, ಸಿಮ್ ತಾಳೆ ನೋಡಬೇಕಲ್ಲ. ಆದರೆ ವರ್ಷಕ್ಕೊಮ್ಮೆ ಪ್ಯಾಂಟು ತಗೊಳ್ಳೋಕೆ, ಒಂದು ಸುದ್ದಿ ಓದೋಕೆ ಯಾಕೆ? ಆ್ಯಪ್‌ನಲ್ಲಿ ಕೊಂಡರೆ ಮಾತ್ರ ರಿಯಾಯಿತಿ ಅನ್ನುವುದಂತೂ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಒಂದೇ ಅಂಗಡಿ, ಒಂದೇ ಮಾಲು, ಬೆಲೆಯೂ ಒಂದೇ ಇರಲಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಬೇಕಾದ ಸೈಟನ್ನು ಕ್ರೋಮ್‌ನಲ್ಲಿ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, 'ಹೋಮ್ ಸ್ಕ್ರೀನ್‌ಗೆ ಸೇರಿಸಿ' ಅನ್ನಿ. ಆ್ಯಪ್‌ನಂಥದೇ ಐಕಾನ್ ಬಂದು ಕೂರುತ್ತದೆ, ನಿಮ್ಮ ನಂಬರುಗಳು ನಿಮ್ಮ ಹತ್ತಿರವೇ ಉಳಿಯುತ್ತವೆ.