ರಥದ ಮೇಲಿನ ಹೆಸರು

ವೇಗವು ದುಬಾರಿಯಾದ ವಸ್ತು. ಓಟಗಾರನಿಗೆ ಅವನ ಕಾಲುಗಳೇ ಬಂಡವಾಳ. ಮೋಟಾರು ಸ್ಪರ್ಧೆಗೆ ಇಳಿಯುವ ತರುಣರಿಗಾದರೋ ಎಂಜಿನು ಬೇಕು, ಟೈರು ಬೇಕು, ಉಕ್ಕಿನ ಕೊಳವೆಗಳು ಬೇಕು, ಬೆಂಕಿಯನ್ನು ತಡೆಯುವ ಉಡುಪು ಬೇಕು. ತಂದೆತಾಯಿಗಳ ಸಂಬಳ ಈ ಭಾರವನ್ನು ಹೊರಲಾರದು. ಆದುದರಿಂದ ಅವರು ಕಂಪನಿಗಳ ಬಾಗಿಲನ್ನು ತಟ್ಟುತ್ತಾರೆ. ವಿದ್ಯಾರ್ಥಿಗಳು ವ್ಯಾಪಾರಿಗಳ ಮುಂದೆ ಕೈಯೊಡ್ಡುವುದೇ ಎಂದು ಮೂಗು ಮುರಿಯುವ ಹಿರಿಯರುಂಟು. ಕೇಳುವುದರಲ್ಲಿ ತಪ್ಪಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಹೇಗೆ ಕೇಳಬೇಕು, ಯಾರನ್ನು ಕೇಳಬಾರದು ಎಂಬುದನ್ನು ಅರಿತಿರಬೇಕು.

ಆಶ್ರಯವನ್ನು ಪಡೆಯುವುದು ನಮ್ಮ ನಾಡಿಗೆ ಹೊಸತಲ್ಲ. 10ನೆಯ ಶತಮಾನದಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದಾಗ, ತನಗೆ ಆಶ್ರಯವಿತ್ತ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದನು. ಇಂದಿನ ರೇಸುಕಾರಿನ ಮೈಮೇಲೆ ಕಂಪನಿಯ ಹೆಸರಿರುವಂತೆ, ಅಂದು ಕಾವ್ಯರಥದ ಮೇಲೆ ಅರಸನ ಹೆಸರಿತ್ತು ಎಂದರೆ ಪಂಡಿತರು ಕ್ಷಮಿಸಲಿ. ಅರಸನ ಹೆಸರನ್ನು ಹೊತ್ತರೂ ಕಾವ್ಯವು ಪಂಪನದಾಗಿಯೇ ಉಳಿಯಿತು.

ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ಪುಟ್ಟ ಕಾರುಗಳನ್ನು ಓಡಿಸುವ 'ಫಾರ್ಮುಲಾ ಎಸ್‌ಎಇ' ಸ್ಪರ್ಧೆಯು 1981ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದೇ ಬಗೆಯ ಸ್ಪರ್ಧೆಗಳು ಈಗ ಭಾರತದಲ್ಲಿಯೂ ನಡೆಯುತ್ತವೆ. ಅಮೆರಿಕದ ಸ್ಪರ್ಧೆಯಲ್ಲಿ ಒಟ್ಟು 1000 ಅಂಕಗಳು. ಅವೆಲ್ಲವೂ ವೇಗಕ್ಕೇ ಮೀಸಲೆಂದು ನೀವು ಭಾವಿಸಬಹುದು, ಹಾಗಿಲ್ಲ. 325 ಅಂಕಗಳು ಕಾರು ನಿಂತಿರುವಾಗಲೇ ದೊರೆಯತಕ್ಕವು: ವಿನ್ಯಾಸಕ್ಕೆ 150, ವೆಚ್ಚದ ಲೆಕ್ಕಕ್ಕೆ 100, ಹಣ ಹೂಡುವವರಿಗೆ ವಿವರಿಸುವಂತೆ ತಮ್ಮ ಯೋಜನೆಯನ್ನು ಮಂಡಿಸುವುದಕ್ಕೆ 75. ಕೇಳುವುದೂ ಒಂದು ವಿದ್ಯೆಯೆಂದು ನಿಯಮಗಳೇ ಒಪ್ಪಿರುವಾಗ ನಾಚಿಕೆಯೇಕೆ?

'ದಯವಿಟ್ಟು ನೆರವಾಗಿರಿ' ಎಂದಷ್ಟೇ ಬರೆದ ಪತ್ರವು ಕಸದ ಬುಟ್ಟಿಯನ್ನು ಸೇರುತ್ತದೆ. 'ಚೌಕಟ್ಟಿಗೆ ಇಷ್ಟು ಮೀಟರು ಕೊಳವೆ ಬೇಕು. ಇಷ್ಟು ನಮ್ಮಲ್ಲಿದೆ, ಇಷ್ಟು ಕೊರತೆಯಿದೆ' ಎಂಬ ಪತ್ರವನ್ನು ವ್ಯವಸ್ಥಾಪಕರು ಇನ್ನೊಮ್ಮೆ ಓದುತ್ತಾರೆ. ನಗದಿಗಿಂತ ಸಾಮಗ್ರಿಯನ್ನು ಕೇಳುವುದು ಮೇಲು. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯ ಯಜಮಾನರಿಗೆ ಲಕ್ಷ ರೂಪಾಯಿ ಕೊಡುವುದು ಕಷ್ಟ; ಲೇತು ಯಂತ್ರವನ್ನೋ ಬೆಸುಗೆಯವರನ್ನೋ ಎರಡು ದಿನ ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲ. ವರ್ಷದ ಕೊನೆಯಲ್ಲಿ, ಸೋತಿದ್ದರೂ ಸರಿಯೆ, ಪೈಸೆ ಪೈಸೆಯ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕು. ಬಹುಮಾನದ ಭಾವಚಿತ್ರಕ್ಕಿಂತ ಆ ಲೆಕ್ಕದ ಹಾಳೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಯಾರನ್ನು ಕೇಳಬಾರದು? ಹಿಂದೆ ಫಾರ್ಮುಲಾ ಒನ್ ಕಾರುಗಳು ಸಾಮಾನ್ಯವಾಗಿ ತಮ್ಮ ದೇಶದ ಬಣ್ಣವನ್ನು ಧರಿಸುತ್ತಿದ್ದವು. ಬ್ರಿಟನ್ನಿನದು ಹಸಿರು, ಇಟಲಿಯದು ಕೆಂಪು. 1968ರಲ್ಲಿ ಬ್ರಿಟನ್ನಿನ ಲೋಟಸ್ ತಂಡವು ಆ ಹಸಿರನ್ನು ಕಳಚಿ 'ಗೋಲ್ಡ್ ಲೀಫ್' ಸಿಗರೇಟಿನ ಬಣ್ಣಗಳನ್ನು ತೊಟ್ಟಿತು. ಮುಂದೆ ಹಲವು ದಶಕಗಳ ಕಾಲ ಆ ಕ್ರೀಡೆಯಲ್ಲಿ ತಂಬಾಕಿನ ಹಣ ಹರಿಯಿತು. ನಮ್ಮ ದೇಶದಲ್ಲಿ ತಂಬಾಕಿನ ಪ್ರಾಯೋಜಕತ್ವವನ್ನು ನಿಷೇಧಿಸುವ ಕಾನೂನು ಬಂದುದು 2003ರಲ್ಲಿ. ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ ಕಾನೂನಾದರೋ 2025ರದು. ಅಲ್ಲಿಯವರೆಗೆ ಅಂತಹ ಒಂದು ಕಂಪನಿಯ ಹೆಸರು ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆಯೇ ಇತ್ತು. ಕಾನೂನು ನಿಧಾನವಾಗಿ ನಡೆಯುತ್ತದೆ. ಹದಿನೆಂಟು ಇಪ್ಪತ್ತರ ತರುಣರು ಅದು ಬರುವ ಮೊದಲೇ 'ಈ ಹೆಸರು ನಮಗೆ ಬೇಡ' ಎನ್ನಬಲ್ಲವರಾಗಬೇಕು. ಆ ಕಾರನ್ನು ನೋಡಲು ಬರುವವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇರುತ್ತಾರೆ.

ಕೊಡುವವರನ್ನು ಆರಿಸಿಕೊಳ್ಳುವ ಸೌಭಾಗ್ಯವು ಬಡ ತಂಡಕ್ಕೆಲ್ಲಿಯದು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಣ ಸಾಲದಾದರೆ ಕಾರಿನ ಬಣ್ಣ ಸರಳವಾಗಲಿ, ಹಳೆಯ ಎಂಜಿನು ಸಾಕೆನ್ನಲಿ; ಬ್ರೇಕಿನಲ್ಲಿಯೂ ಶಿರಸ್ತ್ರಾಣದಲ್ಲಿಯೂ ಮಾತ್ರ ಉಳಿತಾಯ ಸಲ್ಲದು. ಅದಕ್ಕೂ ಹಣವಿಲ್ಲವೆಂದರೆ ಆ ವರ್ಷದ ಸ್ಪರ್ಧೆಯನ್ನು ಬಿಡಲಿ. ಮುಂದಿನ ಸ್ಪರ್ಧೆ ಬರುವಷ್ಟರಲ್ಲಿ ಇನ್ನೂ ಹತ್ತಾರು ಪತ್ರಗಳನ್ನು ಬರೆಯಬಹುದು.