ಮುಂಜಾವಿನ ಪೂಜೆಯೂ ಮೊಮ್ಮಕ್ಕಳ ಪ್ರವಾಸವೂ

ಹುಬ್ಬಳ್ಳಿಯ ಸಹೋದರಿಯೊಬ್ಬರ ಪತ್ರ ಈ ತಿಂಗಳು ನನ್ನ ಮುಂದಿದೆ. ಅಮೆರಿಕದ ಅಟ್ಲಾಂಟಾದಲ್ಲಿ ನೆಲೆಸಿರುವ ಮಗ-ಸೊಸೆ ಬರುವ ಜೂನ್ ತಿಂಗಳಿನಲ್ಲಿ ಹಿರಿಯರಿಬ್ಬರನ್ನೂ ಕರೆಸಿಕೊಂಡು, ಅಲ್ಲಿಂದ ಫ್ಲಾರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಹಾರಧಾಮಕ್ಕೆ ನಾಲ್ಕು ದಿನಗಳ ಮಟ್ಟಿಗೆ ಕರೆದೊಯ್ಯಲು ನಿಶ್ಚಯಿಸಿದ್ದಾರೆ. ಸೊಸೆ ಮುತುವರ್ಜಿಯಿಂದ ವೇಳಾಪಟ್ಟಿಯನ್ನೂ ಬರೆದು ಕಳುಹಿಸಿದ್ದಾಳೆ. ಅದರಲ್ಲಿ ಶಿವಪೂಜೆಗೆ ಎಡೆಯಿಲ್ಲ. ಮೊಣಕಾಲು ನೋವಿನ ತಾವು ಹೋದರೆ ಎಲ್ಲರಿಗೂ ಹೊರೆ, ಟಿಕೆಟ್ಟಿನ ಹಣವೂ ವ್ಯರ್ಥ. ಮನೆಯಲ್ಲಿಯೇ ಉಳಿಯುವೆನೆಂದರೆ ಸೊಸೆ ನೊಂದುಕೊಳ್ಳುತ್ತಾಳೆ, ಏನು ಮಾಡಲಿ ಎಂದು ತಾಯಿ ಕೇಳಿದ್ದಾರೆ.

ಹೋಗಿರಿ, ಸಹೋದರಿ. ಆದರೆ ಆ ವೇಳಾಪಟ್ಟಿಯನ್ನು ಸೊಸೆಯೊಡನೆ ಕುಳಿತು ತಿದ್ದಿಕೊಂಡು ಹೋಗಿರಿ.

ಆ ಸ್ಥಳದ ವಿಸ್ತಾರವನ್ನು ಮೊದಲು ತಿಳಿಯಬೇಕು. ನಮ್ಮ ಬಿಡದಿಯ ವಂಡರ್‌ಲಾವನ್ನು ಕಂಡವರು ಅದನ್ನೇ ತುಸು ಹಿಗ್ಗಿಸಿ ಕಲ್ಪಿಸಿಕೊಳ್ಳುತ್ತಾರೆ. ವಂಡರ್‌ಲಾ ಸುಮಾರು 82 ಎಕರೆ. ಡಿಸ್ನಿ ವರ್ಲ್ಡ್ ಸುಮಾರು 25,000 ಎಕರೆ. ಅದರೊಳಗೆ 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಆನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪ್ರತ್ಯೇಕ ಉದ್ಯಾನಗಳಿದ್ದು, ಒಂದರಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ವಾಹನದಲ್ಲಿಯೇ ಹೋಗಬೇಕು. ಒಂದೊಂದರಲ್ಲಿಯೂ ದಿನಕ್ಕೆ ಹತ್ತು ಕಿಲೋಮೀಟರ್ ನಡೆದುಬಿಡುವುದು ಸಾಮಾನ್ಯ. ನಾಲ್ಕು ದಿನಕ್ಕೆ ನಾಲ್ಕು ಉದ್ಯಾನಗಳೆಂಬ ಲೆಕ್ಕ ಕಾಗದದ ಮೇಲೆ ಸರಿ, ಕಾಲಿಗೆ ಸರಿಯಲ್ಲ.

2019ರಲ್ಲಿ ನಾವೂ ಹೀಗೆಯೇ ಹೋಗಿದ್ದೆವು. ಮೊದಲ ದಿನ ಪ್ರಯಾಣದ ಆಯಾಸದಿಂದ ತಡವಾಗಿ ಎದ್ದು, ಪೂಜೆಯನ್ನು ಅವಸರದಲ್ಲಿ ಮುಗಿಸಿ, ಹನ್ನೊಂದರ ಹೊತ್ತಿಗೆ ಬಾಗಿಲು ತಲುಪಿದೆವು. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಸಾಲಿನಲ್ಲಿ ನಿಂತಿರುವಾಗ ಮಳೆ ಸುರಿಯಿತು. ಮೊಮ್ಮಗಳು ಅತ್ತು ಅತ್ತು ತಂದೆಯ ಹೆಗಲ ಮೇಲೆಯೇ ನಿದ್ದೆಹೋದಳು. ಯಾರೂ ಯಾರೊಡನೆಯೂ ಮಾತನಾಡದೆ ಕೋಣೆಗೆ ಮರಳಿದೆವು. ಮರುದಿನ ಎಂದಿನಂತೆ ಬೆಳಗಿನ ಐದಕ್ಕೆ ಎದ್ದು, ಸ್ನಾನ, ಲಿಂಗಪೂಜೆ, ಪ್ರಸಾದ ಮುಗಿಸಿ, ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆವು. ಹಿಂದಿನ ದಿನ ಒಂದು ಗಂಟೆಗೂ ಮೀರಿ ಕಾಯಿಸಿದ್ದ ಆಟ ಕೆಲವೇ ನಿಮಿಷಗಳಲ್ಲಿ ದೊರೆಯಿತು. ಜನಸಂದಣಿ ಹೆಚ್ಚುವುದು ಹನ್ನೊಂದರ ನಂತರ. ಡಿಸ್ನಿಯ ವಸತಿಗೃಹಗಳಲ್ಲಿ ತಂಗಿದವರಿಗೆ ಅರ್ಧ ಗಂಟೆ ಮೊದಲೇ ಪ್ರವೇಶವೂ ಉಂಟು. ಪೂಜೆಯಿಂದ ಪ್ರವಾಸದ ವೇಳೆ ಹಾಳಾಗುವುದೆಂಬ ಸಂಕೋಚ ತಮಗೆ ಬೇಡ. ಪೂಜೆಗೆಂದು ಏಳುವವರಿಗೇ ಅಲ್ಲಿ ಅನುಕೂಲ ಹೆಚ್ಚು. ಮಧ್ಯಾಹ್ನ ಕೋಣೆಗೆ ಮರಳಿ ಮಲಗಿರಿ. ಬೇಸಿಗೆಯಲ್ಲಿ ಅಲ್ಲಿ ಗುಡುಗು ಮಳೆ ಬರುವುದು ಬಹುಪಾಲು ಮಧ್ಯಾಹ್ನದ ಮೇಲೆಯೇ. ಸಂಜೆಯ ಪೂಜೆ ಮುಗಿಸಿ ಬಾಣಬಿರುಸು ನೋಡಲು ಮತ್ತೆ ಹೋಗಬಹುದು. ಎರಡು ವರ್ಷದ ಮೊಮ್ಮಗನಿಗೂ ಹಗಲಿನ ನಿದ್ದೆ ಬೇಕಷ್ಟೆ.

ಇನ್ನು ಇಷ್ಟಲಿಂಗದ ವಿಷಯ. ಪತ್ರದಲ್ಲಿ ಇದನ್ನು ಕೊನೆಯ ಸಾಲಿನಲ್ಲಿ ಅಳುಕುತ್ತ ಬರೆದಿದ್ದೀರಿ, ನನಗಿದು ಮೊದಲಿನದು. ವಿಮಾನ ನಿಲ್ದಾಣದಲ್ಲಿಯೂ ಉದ್ಯಾನದ ದ್ವಾರದಲ್ಲಿಯೂ ಶೋಧನೆ ಇರುತ್ತದೆ. ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡಬಹುದು. ಗಾಬರಿಯಾಗದೆ, ಇದು ನಾವು ಧರಿಸುವ ಪೂಜಾವಸ್ತುವೆಂದು ಮಗನಿಂದ ಹೇಳಿಸಿರಿ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳಬಹುದು. ಬೆಳ್ಳಿಯ ಕರಡಿಗೆಯನ್ನು ಊರಿನಲ್ಲಿಯೇ ಬಿಟ್ಟು, ಲಿಂಗವನ್ನು ಗಟ್ಟಿ ವಸ್ತ್ರದಲ್ಲಿ ಕಟ್ಟಿ, ಹೊಸ ಶಿವದಾರದಿಂದ ಧರಿಸಿ, ಕುಪ್ಪಸದ ಒಳಗಿರಿಸಿಕೊಳ್ಳುವುದು ಲೇಸು. ಎಂಟು ವರ್ಷದ ಮೊಮ್ಮಗನಿಗೂ ಲಿಂಗಧಾರಣೆಯಾಗಿದೆಯೆಂದು ಬರೆದಿದ್ದೀರಿ. ವೇಗದ ಆಟಗಳಲ್ಲಿ ಅವನ ಅಂಗಿಯ ಒಳಗೆ ಭದ್ರವಾಗಿ ಕಟ್ಟಿರಿ. ನೀರಿನ ಉದ್ಯಾನದ ಜಾರುಬಂಡೆಗಳಲ್ಲಿ ಲೋಹವಿರುವ ಉಡುಪಿಗೆ ಅನುಮತಿಯಿಲ್ಲ. ಅಲ್ಲಿಯೂ ವಸ್ತ್ರದ ಕಟ್ಟೇ ಅನುಕೂಲ. ತೆಗೆದಿಟ್ಟು ಬಾ ಎಂದರೆ ಆ ಆಟವನ್ನು ಬಿಟ್ಟುಬಿಡಲಿ. ಆಡುವುದಕ್ಕೆ ಬೇರೆ ನೂರಿವೆ. ಇದನ್ನು ಅಲ್ಲಿ ಸಾಲಿನಲ್ಲಿ ನಿಂತು ಹೇಳಿದರೆ ಮಗು ಅಳುತ್ತದೆ. ಮನೆಯಲ್ಲಿಯೇ, ಹೊರಡುವ ಮುಂಚೆ, ಅವನ ತಾಯಿಯ ಬಾಯಿಂದ ಹೇಳಿಸಿರಿ.

ಹಣದ ಮಾತು. ಮೂರು ತುಂಬದ ಮಗುವಿಗೆ ಟಿಕೆಟ್ ಇಲ್ಲ. ದೊಡ್ಡವರಿಗೆ ಒಂದು ದಿನಕ್ಕೆ ನೂರು ಡಾಲರಿಗೂ ಮೀರುತ್ತದೆ, ದಿನಾಂಕದ ಮೇಲೆ ದರವೂ ಏರಿಳಿಯುತ್ತದೆ. ಆದ್ದರಿಂದ ತಮಗಿಬ್ಬರಿಗೆ ಎರಡೇ ದಿನದ ಟಿಕೆಟ್ ಸಾಕು. ಮ್ಯಾಜಿಕ್ ಕಿಂಗ್‌ಡಮ್ ಮೊಮ್ಮಕ್ಕಳ ಮುಖ ನೋಡುವುದಕ್ಕಾಗಿ, ಎಪ್ಕಾಟ್ ತಮಗಾಗಿ. ಅಲ್ಲಿ ದೋಣಿಯಲ್ಲಿ ಕುಳಿತು ಹಸಿರುಮನೆಗಳ ನಡುವೆ ಸಾಗುತ್ತ, ಮಣ್ಣಿಲ್ಲದೆ ಬೆಳೆಸಿದ ತರಕಾರಿಗಳನ್ನು ಕಾಣಬಹುದು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆ ಅಲ್ಲಿಂದ ಎದ್ದುಬರಲು ಮನಸ್ಸಾಗದು. ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳೂ ಇವೆ. ಅದರಲ್ಲಿ ಭಾರತವಿಲ್ಲದಿರುವುದು ನನಗೇಕೋ ಇಂದಿಗೂ ಬೇಸರ. ಆನಿಮಲ್ ಕಿಂಗ್‌ಡಮ್‌ನ ಸಫಾರಿ ಸೊಗಸಾದರೂ ವಾಹನದ ಕುಲುಕಾಟ ಹೆಚ್ಚು, ಮೊಣಕಾಲಿಗೂ ಸೊಂಟಕ್ಕೂ ಹಿತವಲ್ಲ. ಹಾಲಿವುಡ್ ಸ್ಟುಡಿಯೋಸ್ ಹರೆಯದವರದು.

ಉಳಿದ ದಿನಗಳಲ್ಲಿ ಕೋಣೆಯಲ್ಲಿ ಕೂಡಬೇಕಾಗಿಲ್ಲ. ಸ್ಕೈಲೈನರ್ ಎಂಬ ತೂಗುತೊಟ್ಟಿಲು, ಮೋನೊರೈಲು, ದೋಣಿಗಳಲ್ಲಿ ಟಿಕೆಟ್ ಇಲ್ಲದೆಯೇ ಸುತ್ತಾಡಬಹುದು. ಆನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ವಸತಿಗೃಹದಲ್ಲಿ ಸನಾ ಎಂಬ ಭೋಜನಶಾಲೆಯಿದೆ. ಭಾರತೀಯ ಬಗೆಯ ರೊಟ್ಟಿ-ಚಟ್ನಿಗಳು ಅಲ್ಲಿ ದೊರೆಯುತ್ತವೆ. ಕಿಟಕಿಯಾಚೆ ಜಿರಾಫೆಗಳು ಮೇಯುತ್ತಿರುತ್ತವೆ. ಇದಕ್ಕೂ ಉದ್ಯಾನದ ಟಿಕೆಟ್ ಬೇಡ, ಮೇಜನ್ನು ಮಾತ್ರ ಮುಂಚಿತವಾಗಿ ಕಾದಿರಿಸಬೇಕು.

ಗಾಲಿಕುರ್ಚಿ ಬೇಡವೆಂದು ಹಟ ಮಾಡಬೇಡಿರಿ. ದ್ವಾರದಲ್ಲಿಯೇ ಬಾಡಿಗೆಗೆ ದೊರೆಯುತ್ತದೆ. ನಮ್ಮ ಮನೆಯವರೂ ಮೊದಲ ದಿನ ನಾಚಿಕೆಯೆಂದರು, ಮೂರನೆಯ ದಿನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಶಾಕಾಹಾರ ಈಗ ಬಹುತೇಕ ಎಲ್ಲ ಕಡೆ ಇದೆ. ಆದರೂ ಕರಿದ ಪದಾರ್ಥಗಳಿಗೆ ಮಾಂಸದ ಬಾಣಲೆಯ ಎಣ್ಣೆಯನ್ನೇ ಬಳಸಿದ್ದಾರೆಯೇ ಎಂದು ವಿಚಾರಿಸಿರಿ. ಮನೆಯ ಬುತ್ತಿಯನ್ನು ಒಳಗೆ ಒಯ್ಯಲು ಅಡ್ಡಿಯಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಾಲ್ಕು ದಿನಕ್ಕಾಗುವಷ್ಟು ಕಟ್ಟಿಕೊಳ್ಳಿರಿ. ಉಪ್ಪಿನಕಾಯಿಯನ್ನು ಗಾಜಿನ ಸೀಸೆಯಲ್ಲಿ ಒಯ್ಯಬೇಡಿರಿ, ಗಾಜನ್ನು ಅವರು ದ್ವಾರದಲ್ಲಿಯೇ ತಡೆಯುತ್ತಾರೆ.